ಗ್ರಿಲ್ ಬಾಗಿಲಿನ ಆಚೆ

ಸಿಂಗಪುರದ ಲಿಫ್ಟಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರ ಕಣ್ಣೂ ಫೋನಿನ ಮೇಲೆ, ಇಲ್ಲವೇ ಬಾಗಿಲ ಮೇಲೆ ಓಡುವ ಅಂಕಿಗಳ ಮೇಲೆ. ಎದುರುಮನೆಯ ಚೀನೀ ಅಜ್ಜಿ ನಗುತ್ತಾರೆ, ನಾನೂ ನಗುತ್ತೇನೆ, ಅಲ್ಲಿಗೆ ನಮ್ಮ ನೆರೆಹೊರೆ ಮುಗಿಯಿತು. ಇಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಬಾಳುವುದು ಸರ್ಕಾರಿ ವಸತಿ ಮಂಡಳಿಯ, ಅಂದರೆ ಎಚ್‌ಡಿಬಿ ಫ್ಲ್ಯಾಟುಗಳಲ್ಲೇ. ಒಂದೇ ಜನಾಂಗದವರು ಒಂದೆಡೆ ಗುಂಪುಗೂಡಬಾರದೆಂದು 1989ರಿಂದ ಪ್ರತಿ ಬ್ಲಾಕಿಗೂ ಚೀನೀಯರು ಇಷ್ಟು, ಮಲಯರು ಇಷ್ಟು, ಭಾರತೀಯರು ಇಷ್ಟು ಎಂಬ ಮಿತಿಯಿದೆ. ಬಾಗಿಲುಗಳನ್ನು ಎದುರುಬದುರು ತಂದು ನಿಲ್ಲಿಸುವವರೆಗೆ ಸರ್ಕಾರದ ಕೆಲಸ. ಕದ ತೆಗೆಸಿ ಒಳಗೆ ಕೂರಿಸಿ ಕಾಫಿ ಕೊಡಿಸುವುದು ಯಾವ ಸರ್ಕಾರದ ಕೈಲೂ ಆಗದು. ನನಗೆ ಆ ಉಪಕಾರ ಮಾಡುತ್ತಿರುವವರು ಇಲ್ಲಿನ ಕಥೆಗಾರರು.

ಸಿಂಗಪುರಕ್ಕೆ ಸಾಹಿತ್ಯವೂ ಇದೆಯೇ ಎಂದು ಬೆಂಗಳೂರಿನ ಗೆಳೆಯರು ಕೇಳುವುದುಂಟು. ಅವರು ಕೇಳಿರುವುದು ‘ಕ್ರೇಜಿ ರಿಚ್ ಏಷ್ಯನ್ಸ್’ ಒಂದನ್ನೇ. ಅದರಲ್ಲಿ ಬರುವಂಥ ಶ್ರೀಮಂತರನ್ನು ನಮ್ಮ ಬ್ಲಾಕಿನ ಕೆಳಗಿನ ಕಾಫಿ ಅಂಗಡಿಯಲ್ಲಿ ನಾನಂತೂ ಕಂಡಿಲ್ಲ. ಅಲ್ಲಿ ಕಾಣುವವರು ಬೇರೆ: ಟಿಶ್ಯೂ ಪೊಟ್ಟಣ ಎಸೆದು ಟೇಬಲ್ ಹಿಡಿಯುವವರು, ತಟ್ಟೆ ಎತ್ತುವ ವಯಸ್ಸಾದ ತಾತಂದಿರು, ಮಗುವಿನ ಬ್ಯಾಗನ್ನು ಹೆಗಲಿಗೇರಿಸಿಕೊಂಡ ಮನೆಗೆಲಸದ ಹೆಣ್ಣುಮಕ್ಕಳು. ಇವರ ಕಥೆ ಬೇಕೆಂದರೆ ಗ್ರಂಥಾಲಯಕ್ಕೇ ಹೋಗಬೇಕು. ಅದೇನು ದೂರವಲ್ಲ, ಎಷ್ಟೋ ಕಡೆ ಶಾಪಿಂಗ್ ಮಾಲಿನೊಳಗೇ ಇದೆ. ಒಂದು ಶಾಖೆಯಲ್ಲಿ ತಂದದ್ದನ್ನು ಇನ್ನೊಂದರ ಡಬ್ಬಿಗೆ ಹಾಕಿ ಬರಬಹುದು. ಇಷ್ಟು ಅನುಕೂಲ ಮಾಡಿಕೊಟ್ಟ ಮೇಲೂ ಓದದಿದ್ದರೆ ನಮ್ಮ ಹಣೆಬರಹ.

ಇಲ್ಲಿನ ಮಲಯ್ ಲೇಖಕ ಅಲ್ಫಿಯನ್ ಸಾಅತರ ‘ಮಲಯ್ ಸ್ಕೆಚಸ್’ ತೆಳ್ಳಗಿನ ಪುಸ್ತಕ. ಕಥೆಗಳೆಲ್ಲ ಪುಟ್ಟ ಪುಟ್ಟವು. ಒಂದು ಎಂಆರ್‌ಟಿ, ಅಂದರೆ ಇಲ್ಲಿನ ಮೆಟ್ರೊ ರೈಲಿನ ಪಯಣದಲ್ಲಿ ನಾಲ್ಕಾರು ಮುಗಿಯುತ್ತವೆ. ಇದೇ ಹೆಸರಿನಲ್ಲಿ 1895ರಲ್ಲಿ ಫ್ರ್ಯಾಂಕ್ ಸ್ವೆಟನ್‌ಹ್ಯಾಮ್ ಎಂಬ ಬ್ರಿಟಿಷ್ ಅಧಿಕಾರಿ ಮಲಯರು ಎಂಥವರು ಎಂದು ಸಾಹೇಬನ ಕುರ್ಚಿಯಿಂದ ಬರೆದಿದ್ದ. ಅಲ್ಫಿಯನ್ ಆ ಹೆಸರನ್ನೇ ಕಸಿದುಕೊಂಡು ಮನೆಯ ಚಾಪೆಯ ಮೇಲೆ ಕೂತು ಬರೆದರು. ಅದನ್ನು ಓದಿದ ಮೇಲೆ ನಮ್ಮ ಬ್ಲಾಕಿನ ಕೆಳಗೆ ಶಾಮಿಯಾನ ಹಾಕಿ ಮಲಯರ ಮದುವೆ ನಡೆದರೆ, ಸದ್ದು ಜಾಸ್ತಿಯಾಯಿತೆಂದು ಗೊಣಗುವ ಬದಲು ಹುಡುಗಿಯ ಅಪ್ಪ ಯಾರು, ಸಾಲ ಎಷ್ಟಾಗಿರಬಹುದು ಎಂದು ಯೋಚಿಸುತ್ತೇನೆ.

ಬಲ್ಲಿ ಕೌರ್ ಜಸ್ವಾಲರ ‘ನೌ ಯೂ ಸೀ ಅಸ್’ ಮಾತ್ರ ಅಷ್ಟು ಹಾಯಾಗಿ ಓದಿಸಿಕೊಳ್ಳುವುದಿಲ್ಲ. ಫಿಲಿಪೀನ್ಸಿನಿಂದ ಬಂದ ಮನೆಗೆಲಸದವರ ಕಾದಂಬರಿ. ಒಬ್ಬಾಕೆಯ ಮೇಲೆ ಯಜಮಾನಿಯನ್ನು ಕೊಂದ ಆರೋಪ ಬರುತ್ತದೆ. ಕೊಲೆಯ ಗುಟ್ಟಿಗಾಗಿ ಪುಟ ತಿರುಗಿಸುತ್ತಾ ಹೋದವರಿಗೆ ಚುಚ್ಚುವುದು ಸಣ್ಣ ಸಂಗತಿಗಳು: ಯಾರ ಮುಂದೆ ಏನು ಮಾತಾಡಬಾರದೋ ಅದನ್ನೆಲ್ಲ ಇವರ ಮುಂದೆ ಧಾರಾಳವಾಗಿ ಆಡುತ್ತೇವಲ್ಲ, ಅದು. ನಮ್ಮ ಕನ್ನಡದವರ ಹಬ್ಬದೂಟಗಳಲ್ಲೂ ಅಡುಗೆಮನೆಯಲ್ಲಿ ಒಬ್ಬಾಕೆ ಪಾತ್ರೆ ತೊಳೆಯುತ್ತಾ ನಿಂತಿರುತ್ತಾಳೆ. ನಾವು ಕನ್ನಡದಲ್ಲಿ ಹರಟುತ್ತೇವೆ, ಅವಳಿಗೇನು ತಿಳಿಯುತ್ತೆ ಎಂಬ ಧೈರ್ಯ.

ಊರೇ ಪಾತ್ರವಾಗಿರುವ ಪುಸ್ತಕ ಬೇಕಾದರೆ ರೇಚಲ್ ಹೆಂಗರ ‘ದ ಗ್ರೇಟ್ ರೆಕ್ಲಮೇಷನ್’. ಮೀನುಗಾರರ ಹಳ್ಳಿಯಲ್ಲಿ ‘ಆ ಬೂನ್’ ಎಂಬ ಹೆಸರಿನ ಹುಡುಗ ಬೆಳೆಯುತ್ತಾ ಹೋದಂತೆ ಕಡಲಿಗೆ ಮಣ್ಣು ಬೀಳುತ್ತದೆ. ಸ್ವಾತಂತ್ರ್ಯ ಬಂದ 1965ರಲ್ಲಿ ಈ ದೇಶ ಸುಮಾರು 580 ಚದರ ಕಿಲೋಮೀಟರ್. ಈಗ 730 ದಾಟಿದೆ. ಕೆರೆ ಮುಚ್ಚಿ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದ ಊರಿನವನಿಗೆ ಇದು ಹೊಸತೇನಲ್ಲ. ಆದರೂ ಮರೀನ್ ಪರೇಡಿನಲ್ಲಿ ತರಕಾರಿ ಚೀಲ ಹಿಡಿದು ನಿಂತಾಗ ಒಮ್ಮೊಮ್ಮೆ ಕಾಲಕೆಳಗೆ ನೋಡಿಕೊಳ್ಳುತ್ತೇನೆ. ಅಲ್ಲಿ ಅಲೆಗಳಿದ್ದವು. ಬೀಚ್ ರೋಡಿನಲ್ಲಿ ನಿಂತು ಬೀಚ್ ಎಲ್ಲಿ ಎಂದು ಕೇಳಿದರಂತೂ ಟ್ಯಾಕ್ಸಿಯೇ ಹತ್ತಬೇಕು.

ಸರ್ಕಾರಕ್ಕೂ ಪುಸ್ತಕಕ್ಕೂ ಇಲ್ಲಿ ನಡೆದ ಒಂದು ತಮಾಷೆ ಹೇಳದೆ ಬಿಡಲಾರೆ. 2015ರಲ್ಲಿ ಸಾನಿ ಲಿಯೂ ಒಂದು ಚಿತ್ರಕಾದಂಬರಿ ತಂದರು. ಕಲ್ಪನೆಯ ಒಬ್ಬ ವ್ಯಂಗ್ಯಚಿತ್ರಕಾರನ ಬದುಕಿನ ನೆಪದಲ್ಲಿ ದೇಶದ ಚರಿತ್ರೆ. ಸರ್ಕಾರದ ಕಲಾ ಮಂಡಳಿ ಅದಕ್ಕೆ ಕೊಟ್ಟಿದ್ದ 8,000 ಡಾಲರ್ ಅನುದಾನವನ್ನು ವಾಪಸು ಪಡೆಯಿತು. ಪ್ರಕಾಶಕರು ಪುಸ್ತಕದ ಮೇಲಿದ್ದ ಮಂಡಳಿಯ ಮುದ್ರೆಗೆ ಸ್ಟಿಕ್ಕರ್ ಅಂಟಿಸಿದರು. ಜನ ಅಲ್ಲಿಯವರೆಗೆ ಸುಮ್ಮನಿದ್ದವರು ಅಂಗಡಿಗೆ ನುಗ್ಗಿದರು. ಮರುವರ್ಷ ಸಿಂಗಪುರ ಸಾಹಿತ್ಯ ಪ್ರಶಸ್ತಿ, 2017ರಲ್ಲಿ ಕಾಮಿಕ್ಸಿಗೆಂದೇ ಅಮೆರಿಕದಲ್ಲಿ ಕೊಡುವ ಐಸ್ನರ್ ಪ್ರಶಸ್ತಿಗಳು ಮೂರು. ಅನುದಾನ ಕೊಟ್ಟು ಕಿತ್ತುಕೊಳ್ಳುವುದಕ್ಕಿಂತ ಒಳ್ಳೆಯ ಜಾಹೀರಾತು ಬೇರೆಲ್ಲಿ ಸಿಗುತ್ತದೆ, ಹೇಳಿ.

ಆ ಸಾಹಿತ್ಯ ಪ್ರಶಸ್ತಿ ಇಂಗ್ಲಿಷ್, ಚೀನೀ, ಮಲಯ್, ತಮಿಳು ನಾಲ್ಕಕ್ಕೂ ಉಂಟು. ಕನ್ನಡಕ್ಕಿಲ್ಲ, ಶಾಲೆಯಲ್ಲೂ ಇಲ್ಲ. ನಮ್ಮ ಮಕ್ಕಳು ಹಿಂದಿಯನ್ನೋ ತಮಿಳನ್ನೋ ಹಿಡಿಯುತ್ತಾರೆ. ಹಾಗಾಗಿ ನಮ್ಮ ಮನೆಯ ವಾಸನೆ ಹುಡುಕುವವನಿಗೆ ಪಕ್ಕದ ಮನೆಯೇ ಗತಿ. ಪ್ರಶಾಂತಿ ರಾಮ್ ಅವರ ‘ನೈನ್ ಯಾರ್ಡ್ ಸ್ಯಾರೀಸ್’ ಅಂಥದ್ದು. ತಮಿಳು ಬ್ರಾಹ್ಮಣ ಕುಟುಂಬದ ಕೆಲವು ತಲೆಮಾರಿನ ಹೆಂಗಸರ ಕಥೆಗಳು, ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವಂಥವು. 2024ರಲ್ಲಿ ಪ್ರಶಸ್ತಿಯೂ ಬಂತು.

ಊರಿಂದ ಚಿಕ್ಕಮ್ಮ ಬಂದಿದ್ದಾಗ ಇದು ಟೀಪಾಯಿಯ ಮೇಲಿತ್ತು. ಬ್ಯಾಂಕಿನಲ್ಲಿ ಆಫೀಸರಾಗಿ ನಿವೃತ್ತರಾದವರು, ಯಾರ ಮಾತಿಗೂ ಬಗ್ಗುವವರಲ್ಲ. ಮರೀನಾ ಬೇಗೆ ಹೋಗೋಣ ಎಂದರೆ ಮಂಡಿನೋವು. ಮುಸ್ತಫಾ ಅಂಗಡಿಗೆ ಎಂದರೆ ನಾಳೆ ನೋಡೋಣ. ಸೋಫಾದ ಮೂಲೆ ಹಿಡಿದು ಪುಸ್ತಕದಲ್ಲಿ ಮುಳುಗಿದವರು ಮುಗಿಸಿಯೇ ಕನ್ನಡಕ ತೆಗೆದರು.

‘ಅಲ್ವೋ, ಇಷ್ಟು ಕ್ಲೀನಾಗಿರೋ ಊರಲ್ಲೂ ನಮ್ಮಂಗೇ ಅತ್ತೆ-ಸೊಸೆ, ತಾಯಿ-ಮಗಳು ಕಾದಾಡ್ತಾರಲ್ಲೋ!’ ಎಂದರು. ದನಿಯಲ್ಲಿ ಬೇಜಾರೇನೂ ಇರಲಿಲ್ಲ. ‘ಈ ಹುಡುಗಿ ಇನ್ನೇನಾದ್ರೂ ಬರೆದಿದಾಳಾ? ನಾಳೆ ಆ ಲೈಬ್ರರಿಗೆ ಕರ್ಕೊಂಡು ಹೋಗು.’

ಮಂಡಿನೋವಿನ ಮಾತು ನಾನೂ ಎತ್ತಲಿಲ್ಲ.