ಎರಡನೆಯ ಟೀಚರ್

ನಾಲ್ಕು ವರ್ಷದ ಮಗುವನ್ನೂ ಶಾಲೆಯಿಂದ ಹೊರಹಾಕುತ್ತಾರೆ ಎಂಬುದು ಅಮೆರಿಕದ ಮಿಷಿಗನ್ನಿಗೆ ಬಂದ ಮೇಲೆಯೇ ನನಗೆ ತಿಳಿದದ್ದು. ಸರ್ಕಾರದ ಹಣದಲ್ಲಿ ನಡೆಯುವ ಶಿಶುವಿಹಾರಗಳ ಲೆಕ್ಕವನ್ನು 2005ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲಿಯಮ್ ತೆಗೆದರು. ದೊಡ್ಡ ಮಕ್ಕಳ ಶಾಲೆಗಳಿಗೆ ಹೋಲಿಸಿದರೆ ಇಲ್ಲಿಂದ ಹೊರಬೀಳುವವರ ಪ್ರಮಾಣ ಮೂರು ಪಟ್ಟು ಮೀರಿತ್ತು. ಕಪ್ಪು ಮಕ್ಕಳು ಹೊರಬೀಳುವ ಪ್ರಮಾಣ ಬಿಳಿ ಮಕ್ಕಳದರ ಸುಮಾರು ಎರಡರಷ್ಟು. ಕಚ್ಚಿದ್ದು, ಒದ್ದದ್ದು, ರಚ್ಚೆ ಹಿಡಿದದ್ದು, ಇಂಥವೇ ಅಪರಾಧಗಳು!

ಬಡ ಕುಟುಂಬಗಳಿಗೆಂದು 1965ರಲ್ಲಿ ಆರಂಭವಾದ ಸರ್ಕಾರಿ ಶಿಶುವಿಹಾರ ಯೋಜನೆಯಾದ ಹೆಡ್ ಸ್ಟಾರ್ಟ್‌ನ ಒಂದು ಕೇಂದ್ರಕ್ಕೆ ವಾರಕ್ಕೊಮ್ಮೆ ಕಥೆ ಓದಲು ಹೋಗುತ್ತೇನೆ. ಅಲ್ಲೊಬ್ಬ ಹುಡುಗನಿದ್ದಾನೆ. ಸೋಮವಾರ ಬಂದರೆ ಆಟಿಕೆಗಳ ಬುಟ್ಟಿಯನ್ನು ಬೋರಲು ಹಾಕುತ್ತಾನೆ, ಪಕ್ಕದವರನ್ನು ಕಚ್ಚುತ್ತಾನೆ. ಟೀಚರ್ ಗದರಲಿಲ್ಲ, ಅವನು ಸೋಮವಾರವೇ ಏಕೆ ಕೆರಳುತ್ತಾನೆ ಎಂದು ಗಮನಿಸಿದರು. ಶನಿವಾರ, ಭಾನುವಾರ ಅವನಿಗೆ ಹೊಟ್ಟೆ ತುಂಬ ಊಟವಿರಲಿಲ್ಲ. ಮರುವಾರ ಅವನು ಬಂದವನೇ ತಿಂಡಿಯ ಮೇಜಿಗೆ ಹೋದ, ಎಲ್ಲರಿಗೂ ಹಾಲು ಬಗ್ಗಿಸುವ ಹೂಜಿ ಅವನ ಕೈಗೆ ಬಂತು. ಅವನು ಕೂಡಲೇ ಸಾಧುವಾಗಲಿಲ್ಲ, ಅದು ಬೇರೆ ಮಾತು. ಆದರೆ ನಡತೆಯ ಕಾರಣಕ್ಕೆ ಮಗುವನ್ನು ಹೊರಹಾಕುವಂತಿಲ್ಲ ಎಂದು ಹೆಡ್ ಸ್ಟಾರ್ಟ್ ಕೇಂದ್ರಗಳಿಗೆ 2016ರ ನಿಯಮವಿದೆ. ಇಪ್ಪತ್ತು ಮಕ್ಕಳಿಗೆ ಇಬ್ಬರು ದೊಡ್ಡವರಿದ್ದಾರೆ. ಒಬ್ಬರು ಅವನ ಪಕ್ಕ ಕೂತರೆ ಇನ್ನೊಬ್ಬರು ಉಳಿದವರನ್ನು ನೋಡಿಕೊಳ್ಳುತ್ತಾರೆ.

ನಮ್ಮ ಅತ್ತಿಗೆ ಟಿ. ನರಸೀಪುರದ ಕಡೆ ಅಂಗನವಾಡಿ ಕಾರ್ಯಕರ್ತೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾದಾಗ ನರಸೀಪುರವೂ ಅದರಲ್ಲಿತ್ತು. ಅವರು ಯಾವ ಮಗುವನ್ನೂ ಹೊರಹಾಕಿದವರಲ್ಲ. ಗುಮ್ಮನಿಗೆ ಹಿಡಿದುಕೊಡುತ್ತೇನೆ ಎಂದು ಹೆದರಿಸಿದ್ದುಂಟು, ತೊಡೆಗೆ ಚಿವುಟಿದ್ದೂ ಉಂಟು. ಅದನ್ನು ನಾನು ಒಪ್ಪುವುದಿಲ್ಲ, ಅವರಿಗೂ ಹೇಳಿದ್ದೇನೆ. ಆದರೆ ಯಾವ ಮಗುವಿನ ಅಪ್ಪ ರಾತ್ರಿ ಕುಡಿದು ಬಂದ, ಯಾರ ಅಮ್ಮ ನಸುಕಿನಲ್ಲೇ ಕೂಲಿಗೆ ಹೋದಳು ಎಂಬುದು ಅವರಿಗೆ ಬೆಳಿಗ್ಗೆಯೇ ಗೊತ್ತು. ಇಲ್ಲಿನ ಟೀಚರ್‌ಗೆ ಅಷ್ಟು ತಿಳಿಯಲು ಮೂರು ಅರ್ಜಿ ತುಂಬಿಸಬೇಕು, ಒಂದು ಸಭೆ ಕರೆಯಬೇಕು.

ಅತ್ತಿಗೆಯ ಆ ತಿಳಿವಳಿಕೆ ಕೈಗೆ ಇಳಿಯುವುದೇ ಇಲ್ಲ. ಸಹಾಯಕಿ ಒಲೆಯ ಮುಂದೆ. ಇವರ ಮುಂದೆ ತೂಕದ ಯಂತ್ರ, ಮೊಟ್ಟೆಯ ಲೆಕ್ಕ, ಮೊಬೈಲಿಗೆ ತುಂಬಬೇಕಾದ ವಿವರ, ನಡುವೆ ಯಾವುದೋ ಸಮೀಕ್ಷೆ. ಅಳುವ ಮಗುವನ್ನು ಅರ್ಧ ಗಂಟೆ ಮಡಿಲಲ್ಲಿಟ್ಟುಕೊಳ್ಳಲು ಪುರುಸೊತ್ತು ಎಲ್ಲಿಂದ ಬರಬೇಕು? ‘ಹಠಮಾರಿ’ ಎಂಬ ಬಿರುದು ಕೊಟ್ಟು ಮೂಲೆಗೆ ಕೂರಿಸಿದರೆ ಒಂದು ನಿಮಿಷದ ಕೆಲಸ.

ಹಾಲಿನ ಹೂಜಿಯ ಕಥೆಯನ್ನು ಫೋನಿನಲ್ಲಿ ಬಣ್ಣಿಸಿದಾಗ ಅತ್ತಿಗೆ ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ, "ಹೂಜಿ ನಮ್ಮಲ್ಲೂ ಇದೆಯಪ್ಪ, ಆ ಎರಡನೆಯ ಟೀಚರನ್ನು ಕಳಿಸಿಕೊಡು" ಎಂದರು.