ಟೂ ಎಕ್ಸ್‌ನಲ್ಲಿ ಕುಮಾರವ್ಯಾಸ

ಮೊನ್ನೆ ಬೆಳಗ್ಗೆ ಎದ್ದು ಫೋನ್ ನೋಡಿದರೆ ನನ್ನ ಆಡಿಯೊ ಪುಸ್ತಕದ ಆ್ಯಪ್ ಒಂದು ಸಂದೇಶ ಕಳಿಸಿತ್ತು. ‘ಅಭಿನಂದನೆಗಳು! ನೀವು ರಾತ್ರಿ ಗೂಬೆ!’ ಕೆಳಗೆ ಕಣ್ಣು ಅರಳಿಸಿಕೊಂಡು ಕೂತ ಗೂಬೆಯ ಚಿತ್ರ. ಅದರ ಕೆಳಗೆ, ಇದನ್ನು ಗೆಳೆಯರ ಜೊತೆ ಹಂಚಿಕೊಳ್ಳಿ ಅಂತ ಒಂದು ಬಟನ್. ಬೇರೆ ದೇಶದಲ್ಲಿ ಇದು ಹೊಗಳಿಕೆ ಇರಬಹುದು. ನಮ್ಮ ಕಡೆ ಗೂಬೆ ಅಂದರೆ ಏನು, ಅದನ್ನು ಯಾರ ತಲೆ ಮೇಲೆ ಯಾಕೆ ಕೂರಿಸ್ತಾರೆ ಅನ್ನೋದನ್ನ ಆ ಆ್ಯಪ್ ಮಾಡಿದವರಿಗೆ ಯಾರೂ ಹೇಳಿದ ಹಾಗಿಲ್ಲ.

ಬಿರುದು ಬಂದ ಕಾರಣ ಇನ್ನೂ ಚೆನ್ನಾಗಿದೆ. ಹಿಂದಿನ ರಾತ್ರಿ ಹತ್ತೂವರೆಗೆ ವಿಜಯನಗರದ ಇತಿಹಾಸ ಹಾಕಿಕೊಂಡು ಮಲಗಿದ್ದೆ. ಹಕ್ಕಬುಕ್ಕರು ಬರುವಷ್ಟರಲ್ಲಿ ನಿದ್ದೆ ಬಂದುಬಿಟ್ಟಿತ್ತು. ಎಚ್ಚರ ಆದಾಗ ತಾಳಿಕೋಟೆ ಯುದ್ಧ ಮುಗಿದು, ಹಂಪಿ ಹಾಳಾಗಿ, ಲೇಖಕರು ಹಸ್ತಪ್ರತಿ ತಿದ್ದಿಕೊಟ್ಟ ತಮ್ಮ ಪತ್ನಿಗೆ ಕೃತಜ್ಞತೆ ಹೇಳುತ್ತಿದ್ದರು. ಒಂದಿಡೀ ಸಾಮ್ರಾಜ್ಯ ನನ್ನ ಗೊರಕೆ ಮಧ್ಯೆ ಎದ್ದು ಬಿದ್ದು ಹೋಗಿತ್ತು. ಆ್ಯಪ್ ಲೆಕ್ಕದಲ್ಲಿ ಮಾತ್ರ ನಾನು ಏಳೂವರೆ ಗಂಟೆ ‘ಕೇಳಿದ್ದೆ’, ಒಂದು ಪುಸ್ತಕ ‘ಮುಗಿಸಿದ್ದೆ’. ಎಷ್ಟು ಸ್ಟಾರ್ ಕೊಡ್ತೀರಿ ಅಂತ ಕೇಳಿತು. ಐದು ಕೊಟ್ಟೆ. ಅಷ್ಟು ಒಳ್ಳೆ ನಿದ್ದೆ ಈಚೆಗೆ ಬಂದಿರಲಿಲ್ಲ.

ನನ್ನೊಬ್ಬನ ಕಥೆ ಆಗಿದ್ದರೆ ಬಿಡಿ. ಡಿಸೆಂಬರ್ ಬಂತು ಅಂದರೆ ಸಾಕು, ಸಂಕ್ರಾಂತಿಗೆ ಎಳ್ಳು ಬೀರಿದ ಹಾಗೆ ಎಲ್ಲರೂ ತಮ್ಮ ತಮ್ಮ ವರ್ಷದ ಲೆಕ್ಕ ಬೀರೋಕೆ ಶುರು ಮಾಡ್ತಾರೆ. ಇಷ್ಟು ನಿಮಿಷ, ಇಷ್ಟು ಪುಸ್ತಕ, ಇಷ್ಟು ದಿನ ಒಂದು ದಿನವೂ ತಪ್ಪದೆ. ಆಫೀಸಿನ ಗೆಳೆಯನೊಬ್ಬ ಕಳೆದ ವರ್ಷ 84 ಪುಸ್ತಕ ಮುಗಿಸಿದ್ದ. ನನಗೆ ನಿಜವಾಗಲೂ ಹೊಟ್ಟೆಕಿಚ್ಚಾಯಿತು.

“ಯಾವುದು ಜಾಸ್ತಿ ಇಷ್ಟ ಆಯ್ತು?” ಅಂದೆ.

ತುಂಬಾ ಹೊತ್ತು ಯೋಚಿಸಿದ. “ಒಂದಿತ್ತಲ್ಲ ಗುರೂ, ನೀಲಿ ಕವರ್‌ದು.”

“ಏನಿತ್ತು ಅದರಲ್ಲಿ?”

“ಲೈಫ್ ಬಗ್ಗೆ.”

ಅವನು ಎಲ್ಲವನ್ನೂ ಟೂ ಎಕ್ಸ್‌ನಲ್ಲಿ ಕೇಳ್ತಾನೆ, ಅಂದರೆ ಎರಡು ಪಟ್ಟು ವೇಗದಲ್ಲಿ. ಜಿಮ್‌ನಲ್ಲಿ, ಪಾರ್ಕಿಂಗ್‌ನಲ್ಲಿ, ಮೀಟಿಂಗ್‌ನಲ್ಲಿ ಒಂದೇ ಕಿವಿಗೆ ಸಿಕ್ಕಿಸಿಕೊಂಡು. ಗಿರಣಿಗೆ ರಾಗಿ ಹಾಕಿದರೆ ಹಿಟ್ಟಾದರೂ ಬೀಳುತ್ತೆ. ಇವನ ತಲೆಯಿಂದ 84 ಪುಸ್ತಕ ಹಾದುಹೋಗಿ ಒಂದು ನೀಲಿ ಕವರ್ ಬಿದ್ದಿದೆ.

ಇಷ್ಟು ಹೇಳಿದ್ದಕ್ಕೆ ನಾನು ‘ಕೇಳೋದೆಲ್ಲ ಓದೋದಾ’ ಅಂತ ಮೂಗು ಮುರಿಯೋ ಪೈಕಿ ಅಂದುಕೊಳ್ಳಬೇಡಿ. ನಾನು ಆರು ವರ್ಷದಿಂದ ಕೇಳುಗ. 1877ರಲ್ಲಿ ಎಡಿಸನ್ ಫೋನೋಗ್ರಾಫ್ ಮಾಡಿದಾಗಲೇ ಇದರಲ್ಲಿ ಕಣ್ಣು ಕಾಣದವರಿಗೆ ಪುಸ್ತಕ ಓದಿಸಬಹುದು ಅಂತ ಯೋಚಿಸಿದ್ದ. 1935ರಲ್ಲಿ ಬ್ರಿಟನ್ನಿನಲ್ಲಿ ‘ಮಾತಾಡುವ ಪುಸ್ತಕ’ಗಳು ಶುರುವಾದವು, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರೂ ಅದರ ಕೇಳುಗರು. ಇವತ್ತಿಗೂ ಕಣ್ಣು ಕಾಣದ ಎಷ್ಟೋ ಜನ ಪರದೆ ಮೇಲಿನ ಅಕ್ಷರ ಓದಿ ಹೇಳುವ ಸ್ಕ್ರೀನ್ ರೀಡರನ್ನು ನಮಗೆ ಒಂದಕ್ಷರವೂ ತಿಳಿಯದಷ್ಟು ವೇಗದಲ್ಲಿ ಕೇಳಿ ಪರೀಕ್ಷೆ ಪಾಸಾಗ್ತಾರೆ, ಕೆಲಸ ಮಾಡ್ತಾರೆ. ಅದು ವಿದ್ಯೆ. ನಮ್ಮ ನೀಲಿ ಕವರ್ ಗೆಳೆಯನದು ಬರೀ ಅವಸರ.

ಅವಸರ ಬೇರೆ ಭಾಷೆಗೆ ಒಗ್ಗುತ್ತೇನೋ, ಕನ್ನಡಕ್ಕೆ ಒಗ್ಗಲ್ಲ. ಇಂಗ್ಲಿಷ್ ಆಡಿಯೊ ಪುಸ್ತಕ ಓದುವವರು ನಿಮಿಷಕ್ಕೆ ಸುಮಾರು 150 ಪದ ಓದ್ತಾರೆ. ನಮ್ಮಲ್ಲಿ ‘ಹೋಗಬೇಕಾಗಿದ್ದಿದ್ದರಿಂದ’ ಅನ್ನೋದು ಒಂದು ಪದ. ಅದನ್ನು ಟೂ ಎಕ್ಸ್‌ನಲ್ಲಿ ಹಾಕಿ ನೋಡಿ, ತವರದ ಡಬ್ಬಿ ಮೆಟ್ಟಿಲ ಮೇಲಿಂದ ಉರುಳಿದ ಹಾಗೆ ಕೇಳುತ್ತೆ. ಅವನು ಹೋದನೋ ಇಲ್ಲವೋ ಗೊತ್ತಾಗಲ್ಲ. ಅದೂ ಅಲ್ಲದೆ ನಾವು ಇಡೀ ವಾಕ್ಯ ಹೇಳಿ ಮುಗಿಸಿ, ಆಗಿದ್ದೋ ಆಗದ್ದೋ ಅನ್ನೋದನ್ನ ಕೊನೆಯಲ್ಲಿ ಸಿಕ್ಕಿಸೋ ಜನ. ಪತ್ತೇದಾರಿ ಕಾದಂಬರಿಯಲ್ಲಿ ‘ಕೊಂದಿದ್ದು ಅವನಲ್ಲವೇ’ ಅನ್ನೋದಕ್ಕೂ ‘ಕೊಂದಿದ್ದು ಅವನಲ್ಲ’ ಅನ್ನೋದಕ್ಕೂ ಇರೋದು ಒಂದೇ ಅಕ್ಷರ. ಅಷ್ಟರಲ್ಲಿ ಹಿಂದಿನ ಆಟೋದವನು ಹಾರ್ನ್ ಹೊಡೆದ ಅಂದರೆ ಒಬ್ಬ ನಿರಪರಾಧಿ ಜೈಲಿಗೆ ಹೋದ.

ಪತ್ತೇದಾರಿಯ ಮಾತು ಬಂತಲ್ಲ, ಅದರ ಗೋಳೇ ಬೇರೆ. ಪುಸ್ತಕದಲ್ಲಿ ಕೊಲೆಗಾರ ಕೊನೆವರೆಗೂ ಎಲ್ಲರ ಮಧ್ಯೆ ಅಡಗಿ ಕೂತಿರಬಹುದು. ಆಡಿಯೊದಲ್ಲಿ ಆಗಲ್ಲ. ಯಾಕಂದ್ರೆ ಓದುವವರು ಕೊನೆ ಅಧ್ಯಾಯ ಮೊದಲೇ ಓದಿಕೊಂಡು ಬಂದಿರ್ತಾರೆ. ನಾನು ಕೇಳಿದ ಒಂದರಲ್ಲಿ ಮನೆಯ ಹಳೇ ಅಡುಗೆಯವನು ಮೊದಲ ಅಧ್ಯಾಯದಲ್ಲಿ ಬಂದು ‘ಕಾಫಿ ತರಲಾ ಅಮ್ಮಾ’ ಅಂತಾನೆ, ಅಷ್ಟೇ. ಓದುವವರು ಅದನ್ನು ವಜ್ರಮುನಿ ಗಂಟಲಲ್ಲಿ, ಹಲ್ಲು ಕಡಿದು, ‘ಅಮ್ಮಾ’ ಅನ್ನೋದನ್ನ ಎರಡು ಸೆಕೆಂಡ್ ಎಳೆದು ಹೇಳಿದರು. ವಿಷ ಕಾಫಿಯಲ್ಲೇ ಇದೆ ಅಂತ ನನಗೆ ಆಗಲೇ ಗೊತ್ತಾಯಿತು. ಕಾದಂಬರಿಯ ಇನ್ಸ್‌ಪೆಕ್ಟರ್‌ಗೆ ಗೊತ್ತಾಗೋಕೆ ಇನ್ನೂ ಒಂಬತ್ತು ಗಂಟೆ ಬೇಕಾಯಿತು. ಸಾಲದ್ದಕ್ಕೆ ಪರದೆ ಮೇಲೆ ಎಷ್ಟು ಬಾಕಿ ಇದೆ ಅಂತ ತೋರಿಸ್ತಾ ಇರುತ್ತೆ. ತೋಟದ ಮಾಲಿಗೆ ಕೈಕೋಳ ಹಾಕಿ ಎಲ್ಲರೂ ನಿಟ್ಟುಸಿರು ಬಿಟ್ಟಾಗ ಇನ್ನೂ 1 ಗಂಟೆ 40 ನಿಮಿಷ ಉಳಿದಿತ್ತು. ಪಾಪ, ಮಾಲಿಗೂ ಗೊತ್ತಿರಬೇಕು, ಅವನೇನೂ ಗಾಬರಿ ಆಗಲಿಲ್ಲ.

ಇದೆಲ್ಲ ಸಹಿಸಿಕೊಂಡೆ. ಆದರೆ ಒಂದು ದಿನ ಯಾವುದೋ ಯಂತ್ರದ ದನಿ ಕುಮಾರವ್ಯಾಸನನ್ನು ಓದೋದನ್ನ ಕೇಳಿದೆ ನೋಡಿ, ಆವತ್ತು ಇಯರ್‌ಫೋನ್ ಕಿತ್ತು ಮೇಜಿನ ಮೇಲೆ ಇಟ್ಟೆ. ಭಾಮಿನಿ ಷಟ್ಪದಿ ಅಂದರೆ ಮೂರು ನಾಲ್ಕು, ಮೂರು ನಾಲ್ಕು ಅಂತ ಹೆಜ್ಜೆ ಹಾಕೋ ಛಂದಸ್ಸು. ಸಣ್ಣ ಸಾಲಿಗೆ 14 ಮಾತ್ರೆ, ಮೂರನೇ ಮತ್ತು ಆರನೇ ಸಾಲಿಗೆ 23, ಒಟ್ಟು 102. ಈ ಯಂತ್ರ ಅದನ್ನು ರೈಲ್ವೆ ಸ್ಟೇಷನ್ನಿನ ಪ್ರಕಟಣೆ ಮಾಡಿತು. ದ್ರೌಪದಿ ಸಭೆಯಲ್ಲಿ ಅಳ್ತಿದ್ದಾಳೆ, ಗಾಡಿ ಸಂಖ್ಯೆ ಇಷ್ಟು, ಪ್ಲಾಟ್‌ಫಾರಂ ಇಷ್ಟು ಅನ್ನೋ ದನಿ. ಕೆಳಗೆ ವೇಗ ಜಾಸ್ತಿ ಮಾಡೋ ಬಟನ್ ಬೇರೆ. ಟೂ ಎಕ್ಸ್ ಒತ್ತಿದರೆ 14 ಮಾತ್ರೆ ಹಿಡಿಯೋ ಜಾಗಕ್ಕೆ 28 ಮಾತ್ರೆ ತುಂಬಿಕೊಳ್ಳುತ್ತೆ, ಸಂಜೆ ಆರರ ಬಸ್ಸಿನ ಹಾಗೆ.

ಆಡಿಯೊ ಪುಸ್ತಕ ನಮಗೆ ಹೊಸದು ಅಂತ ಯಾರು ಹೇಳಿದ್ದೋ. ಗಮಕ ಅಂದರೆ ಇನ್ನೇನು? ಒಬ್ಬರು ರಾಗವಾಗಿ ಓದ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳ್ತಾರೆ. ಒಂದು ಪದ್ಯಕ್ಕೆ ಹತ್ತು ನಿಮಿಷ ಹಿಡಿದರೂ ಯಾರೂ ಗಡಿಯಾರ ನೋಡಲ್ಲ. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಕೊಟ್ಟರು, ಅದೇನು ಬೇಗ ಮುಗಿಸಿದ್ದಕ್ಕೆ ಕೊಟ್ಟಿದ್ದಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ಕರ್ಣಪರ್ವ ಇಟ್ಟುಕೊಂಡರೆ ಶಲ್ಯ ರಥದಿಂದ ಇಳಿದು ಹೋಗೋಕೇ ಒಂದು ಗಂಟೆ ಬೇಕಾಗೋದುಂಟು, ಕರ್ಣನಿಗೆ ಸಾಯೋಕೆ ಬೆಳಗಿನ ಜಾವ ಆಗ್ತಿತ್ತು. ಇನ್ನು ಕುಮಾರವ್ಯಾಸನ ಬಗ್ಗೆ ಗದುಗಿನಲ್ಲಿ ಒಂದು ಕಥೆ ಹೇಳ್ತಾರಲ್ಲ. ವೀರನಾರಾಯಣನ ಗುಡಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಕೂತರೆ, ಬಟ್ಟೆ ಆರುವ ತನಕ ಮಾತ್ರ ಕಾವ್ಯ ಬರುತ್ತಿತ್ತಂತೆ. ಬರೆದವನು ಬಟ್ಟೆ ಆರುವ ವೇಗದಲ್ಲಿ ಬರೆದ. ಕೇಳುವ ನಾವು ಡ್ರೈಯರ್ ಹಾಕಿಕೊಂಡು ಕೂತಿದ್ದೀವಿ.

ಯಂತ್ರದ ದನಿಗೆ ‘ನಿಜವಾದ ಮನುಷ್ಯರ ಹಾಗೇ ಓದುತ್ತೆ’ ಅಂತ ಜಾಹೀರಾತು ಬರುತ್ತೆ. ಮನುಷ್ಯರು ಊರ ತುಂಬ ಇದ್ದಾರೆ ಸ್ವಾಮಿ, ಅರ್ಧ ಜನ ಕೆಲಸ ಹುಡುಕ್ತಾ ಇದ್ದಾರೆ, ಅವರನ್ನೇ ಕೂರಿಸಬಹುದಲ್ವಾ? ಇತಿಹಾಸದ ಪುಸ್ತಕ ಈ ಯಂತ್ರದ ಕೈಗೆ ಸಿಕ್ಕರೆ ಇನ್ನೂ ಮಜಾ. ‘2ನೇ ಪುಲಕೇಶಿ’ ಅಂತ ಬರೆದಿದ್ದನ್ನು ‘ಎರಡುನೇ ಪುಲಕೇಶಿ’ ಅಂತು. ಇಮ್ಮಡಿ ಅಂತ ಬರೆದಿದ್ದರೆ ಇನ್ನೇನು ಅನ್ನುತ್ತಿತ್ತೋ. ‘ಕ್ರಿ.ಶ. 1565’ ಬಂತು. ‘ಕ್ರಿ’ ಅಂತು, ಸ್ವಲ್ಪ ಉಸಿರು ತಗೊಂಡು ‘ಶ’ ಅಂತು, ಆಮೇಲೆ ‘ಒಂದು ಐದು ಆರು ಐದು’ ಅಂತು. ನಾನು ಓಟಿಪಿ ಅಂದುಕೊಂಡೆ. ಹಾಗಾಗಿ ತಾಳಿಕೋಟೆ ಯುದ್ಧ ಯಾವಾಗ ಆಯ್ತು ಅನ್ನೋದನ್ನ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಮಧ್ಯದಲ್ಲಿ ಒಂದು ಕಡೆ ‘ಚಿತ್ರ ಮೂರು ಚುಕ್ಕೆ ಎರಡು ನೋಡಿ’ ಅಂತಲೂ ಅಪ್ಪಣೆ ಆಯಿತು. ಆಗ ನಾನು ಹೆಲ್ಮೆಟ್ ಹಾಕಿಕೊಂಡು ಹೆಬ್ಬಾಳ ಫ್ಲೈಓವರ್ ಮೇಲೆ ಇದ್ದೆ. ಎಲ್ಲಿ ನೋಡಲಿ?

ಹಾಗಂತ ಮನುಷ್ಯರು ಓದಿದರೆ ಎಲ್ಲ ಸರಿ ಅಂತಲೂ ಅಲ್ಲ. ಎಫ್‌ಎಂ ದನಿಯ ಹುಡುಗಿಯೊಬ್ಬಳು ಧಾರವಾಡದ ಮುದುಕಿಯ ಮಾತನ್ನು ಓದೋದು ಕೇಳಿದೆ. ಬಾಯಲ್ಲಿ ಬಿಸಿ ಬಜ್ಜಿ ಇಟ್ಟುಕೊಂಡ ಹಾಗೆ ‘ಏನ್ ಮಾಡಾಕತ್ತೀಯೋ ಯಪ್ಪಾ’ ಅಂತಾಳೆ. ನಮ್ಮ ಅತ್ತೆ ಧಾರವಾಡದವರೇ. ಎರಡು ನಿಮಿಷ ಕೇಳಿ, “ಯಾರು ಇಕಿ? ಹಲ್ಲು ಬ್ಯಾನಿ ಅದ ಏನು ಇಕಿಗೆ?” ಅಂದರು. ಸಿನಿಮಾದವರು ಮಾಡಿಟ್ಟ ಕಾನೂನು ಇಲ್ಲಿಗೂ ಬಂದಿದೆ: ಪ್ರೇಮಿಸೋರು ಬೆಂಗಳೂರು ಕನ್ನಡ, ಹೊಡೆಯೋರು ಹುಬ್ಬಳ್ಳಿ ಕನ್ನಡ, ನಗಿಸೋರು ಕುಂದಾಪುರ ಕನ್ನಡ. ವಯಸ್ಸಾದವರೆಲ್ಲ ಕೆಮ್ಮಲೇಬೇಕು. ಗಂಡಸರು ಓದಿದರೆ ಕಾದಂಬರಿಯ ಹೆಂಗಸರೆಲ್ಲ ಮೂಗಿನಲ್ಲಿ ಮಾತಾಡಬೇಕು. ನನಗೆ ಇವರಿಗಿಂತ ಲೇಖಕರೇ ಓದುವ ಆತ್ಮಕಥೆ ಎಷ್ಟೋ ಹಿತ. ದನಿ ನಡುಗುತ್ತೆ, ಪುಟ ತಿರುವಿದ ಸದ್ದು ಕೇಳುತ್ತೆ, ಅಮ್ಮ ಸತ್ತ ಭಾಗ ಬಂದಾಗ ನಿಲ್ಲಿಸಿ ನೀರು ಕುಡೀತಾರೆ. ಆ ನೀರು ಕುಡಿಯೋದನ್ನ ‘ಮೌನ ಕತ್ತರಿಸು’ ಅನ್ನೋ ಬಟನ್ ಒತ್ತಿ ತೆಗೆಯಬಹುದಂತೆ. ಒಟ್ಟು 11 ನಿಮಿಷ ಉಳಿಯುತ್ತೆ ಅಂತ ಆ್ಯಪ್ ನನಗೆ ಖುಷಿಯಿಂದ ತಿಳಿಸಿತು.

ದೆವ್ವದ ಕಥೆ ಬಿಟ್ಟಿ ಸಿಗುತ್ತೆ ಅಂತ ಕೇಳಿದರೆ ನಡುವೆ ಜಾಹೀರಾತು. ಬಾಗಿಲು ಕಿರ್‌ರ್ ಅಂತು, ಒಳಗೆ ಕೂದಲು ಕೆದರಿಕೊಂಡು ಅವಳು ನಿಂತಿದ್ದಳು, ನನ್ನ ಎದೆ ಡವಡವ, ಆಗ ಒಂದು ಹೆಣ್ಣು ದನಿ ನಗುನಗುತ್ತಾ ‘ಕೂದಲು ಉದುರುತ್ತಿದೆಯೇ?’ ಅಂತು. ಅಡುಗೆ ಪುಸ್ತಕ ಕೇಳಬೇಡಿ. ಕೈಯೆಲ್ಲ ಕಡಲೆಹಿಟ್ಟು ಆದಾಗಲೇ ‘ಎಷ್ಟು ಚಮಚ ಅಂದ್ರು’ ಅನ್ನೋ ಸಂಶಯ ಬರೋದು. ಬದುಕಿನಲ್ಲಿ ಗೆಲ್ಲೋದು ಹೇಗೆ ಅನ್ನೋ ಪುಸ್ತಕಗಳಿಗೆ ಮಾತ್ರ ಟೂ ಎಕ್ಸ್ ಸರಿ, ಟೆನ್ ಎಕ್ಸ್ ಇದ್ದರೆ ಇನ್ನೂ ಒಳ್ಳೇದು. ಬೆಳಗ್ಗೆ ಐದಕ್ಕೆ ಏಳಿ ಅನ್ನೋದನ್ನ ಎಂಟು ಗಂಟೆ ಹೇಳ್ತಾರೆ. ನಡುವೆ ಮೂರು ಅಧ್ಯಾಯ ನಿದ್ದೆ ಮಾಡಿ ಎದ್ದರೂ ಅವರಿನ್ನೂ ಎಬ್ಬಿಸ್ತಾನೇ ಇರ್ತಾರೆ.

ನಮ್ಮಜ್ಜಿ ಕಥೆ ಹೇಳುವಾಗ ಒಂದು ಷರತ್ತಿತ್ತು. ನಾವು ‘ಹ್ಞೂಂ’ ಅನ್ನಬೇಕು. ಹ್ಞೂಂ ನಿಂತರೆ ಕಥೆ ನಿಂತಿತು. ಅವಳು ನಿದ್ದೆಗೆ ಜಾರಿದರೆ ನಾವು ಅಲುಗಾಡಿಸಿ ‘ಆಮೇಲೆ?’ ಅನ್ನಬೇಕು. ಏಳು ಸಮುದ್ರ ದಾಟಿದ ರಾಜಕುಮಾರ ಆಗ ಮತ್ತೆ ಮೊದಲನೇ ಸಮುದ್ರದಿಂದ ಹೊರಡ್ತಿದ್ದ. ಒಂದು ಕಥೆ ಮುಗಿಯೋಕೆ ಬೇಸಿಗೆ ರಜವೇ ಸಾಕಾಗ್ತಿರಲಿಲ್ಲ. ವರ್ಷಕ್ಕೆ ಎಷ್ಟು ಕಥೆ ಕೇಳಿದಿರಿ ಅಂತ ಯಾರಾದರೂ ಕೇಳಿದ್ದರೆ ‘ಒಂದೂವರೆ’ ಅನ್ನಬೇಕಿತ್ತು.

ಈಚೆಗೆ ಆ್ಯಪ್‌ಗೂ ಸಂಶಯ ಬಂದ ಹಾಗಿದೆ, ಆ ಗೂಬೆ ರಾತ್ರಿಯ ಗೊರಕೆ ಅದಕ್ಕೂ ಕೇಳಿಸಿತೋ ಏನೋ. ಮೊನ್ನೆ ಬನಶಂಕರಿಯಲ್ಲಿ ಬಸ್ ಹತ್ತಿ ಕಿಟಕಿ ಪಕ್ಕ ಕೂತು ಏನೋ ಕೇಳ್ತಿದ್ದೆ. ತಟ್ಟನೆ ಕಥೆ ನಿಂತು, ಕಿವಿಯೊಳಗೆ ‘ನೀವು ಇನ್ನೂ ಕೇಳುತ್ತಿದ್ದೀರಾ?’ ಅಂತು. ಹಳೇ ಅಭ್ಯಾಸ, ಬಾಯಿಂದ ಜೋರಾಗಿ “ಹ್ಞೂಂ” ಅಂತ ಬಂದುಬಿಟ್ಟಿತು.

ಪಕ್ಕದ ಸೀಟಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಅಲ್ಲಿವರೆಗೂ ಸುಮ್ನೆ ಇದ್ದವರು ಅದಕ್ಕೇ ಕಾಯ್ತಿದ್ದ ಹಾಗೆ ನನ್ನ ಕಡೆ ತಿರುಗಿದರು. “ಅಲ್ಲ ಕಣಪ್ಪಾ, ನೀನೇ ಹೇಳು, ಸೊಸೆ ಅಂತ ಮನೆಗೆ ಬಂದು ಹನ್ನೆರಡು ವರ್ಷ ಆಯ್ತು...” ನಾನು ಇಯರ್‌ಫೋನ್ ತೆಗೆದೆ. ಬಸ್ ಸೌತ್ ಎಂಡ್ ಸರ್ಕಲ್ ದಾಟಿತು. ಸೊಸೆ ಇನ್ನೂ ಮದುವೆಯ ಛತ್ರದಲ್ಲೇ ಇದ್ದಳು, ಬೀಗರಿಗೆ ಎರಡನೇ ಸಲ ಹೋಳಿಗೆ ಬಡಿಸಿರಲಿಲ್ಲ, ಅದರ ಜಗಳ. ಲಾಲ್‌ಬಾಗ್ ಹತ್ತಿರ ಸಿಗ್ನಲ್‌ನಲ್ಲಿ ನಿಂತಾಗ ನಾನು ಒಂದೇ ಒಂದು ಕ್ಷಣ ಫೋನ್ ಕಡೆ ನೋಡಿದೆ. ಅಜ್ಜಿ ಮಾತು ನಿಲ್ಲಿಸಿ, ನನ್ನ ಮೊಣಕೈಗೆ ಬೆರಳಿನಿಂದ ತಿವಿದರು.

“ಕೇಳುಸ್ಕೊಳ್ತಿದ್ದೀಯಾ, ಇಲ್ವಾ?”